ಪ್ರತಿ: ‘ತಂದೆ ನನಗಿಂತ ದೊಡ್ಡವನು’ ಅಂದಮೇಲೆ ತ್ರಿಯೇಕ ಹೇಗೆ?

ಯೋಹಾನ 14:28ರಲ್ಲಿ ತಂದೆ ತನಗಿಂತ ದೊಡ್ಡವನು ಎಂದು ಯೇಸುವೇ ಹೇಳಿರುವಾಗ ಇಬ್ಬರೂ ಸಮ ಹೇಗೆ, ತಂದೆ, ಮಗ (ಯೇಸು), ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕ ಬೋಧನೆ ಹೇಗೆ ನಿಲ್ಲುತ್ತದೆ ಅಂತ ಕೇಳಿದ್ದೀರಿ. ಹಳೇ ಪ್ರಶ್ನೆ ಇದು. 4ನೇ ಶತಮಾನದಲ್ಲಿ, ಮಗನು ಸೃಷ್ಟಿಯಾದವನು, ತಂದೆಗೆ ಸಮನಲ್ಲ ಎಂದು ಬೋಧಿಸಿದ ಏರಿಯಸ್‌ನ ಕಡೆಯವರು ಹಿಡಿದದ್ದೂ ಇದೇ ವಚನವನ್ನು.

‘ತ್ರಿಯೇಕ’ ಎಂಬ ಪದ ಬೈಬಲಿನಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಒಂದೇ ವಚನ ಕಿತ್ತು ಓದಬೇಡಿ. ಅದೇ ಸುವಾರ್ತೆ ಶುರುವಾಗುವುದೇ ವಾಕ್ಯವು (ಅಂದರೆ ಯೇಸು) ದೇವರಾಗಿತ್ತು ಎಂದು. ಕೊನೆಯಲ್ಲಿ (20:28) ಶಿಷ್ಯ ತೋಮನು ಯೇಸುವನ್ನು ‘ನನ್ನ ದೇವರು’ ಎನ್ನುತ್ತಾನೆ, ಯೇಸು ತಡೆಯುವುದಿಲ್ಲ. ಹಾಗಾದರೆ ‘ದೊಡ್ಡವನು’ ಅಂದರೇನು? ಫಿಲಿಪ್ಪಿ 2:6-8 ಜೊತೆಗಿಟ್ಟು ಓದಿ. ದೇವಸ್ವರೂಪನಾಗಿದ್ದವನು ದಾಸನ ರೂಪ ತೊಟ್ಟು ತಗ್ಗಿಸಿಕೊಂಡ ಎನ್ನುತ್ತಾನೆ ಪೌಲ. ಆ ತಗ್ಗಿದ ಸ್ಥಿತಿಯಿಂದ ಆಡಿದ ಮಾತು ಎಂದು ಆದಿಸಭೆಯ ಬೋಧಕ ಆಗಸ್ಟೀನ್ ಅರ್ಥ ಮಾಡಿದ. ಮಗನು ತಂದೆಯಿಂದ ಹುಟ್ಟಿದವನು, ಅದಕ್ಕೇ ಹಾಗಂದ ಎಂದವರೂ ಇದ್ದಾರೆ. ನನಗೆ ಮೊದಲನೆಯದೇ ಜಾಸ್ತಿ ಹಿಡಿಸುತ್ತದೆ.

ಮತ್ತಾಯ 28:19 ಕೂಡ ನೋಡಿ. ತಂದೆ, ಮಗ, ಪವಿತ್ರಾತ್ಮ ಮೂವರು, ಆದರೆ ಅವರ ‘ಹೆಸರಿನಲ್ಲಿ’ ದೀಕ್ಷಾಸ್ನಾನ ಮಾಡಿಸಿ ಎನ್ನುವಾಗ ‘ಹೆಸರು’ ಏಕವಚನ. ಗ್ರೀಕಿನಲ್ಲೂ ಹಾಗೇ.

1 ಯೋಹಾನ 5:7ನ್ನು ಮಾತ್ರ ವಾದಕ್ಕೆ ತರಬೇಡಿ. ಪರಲೋಕದ ಮೂವರು ಸಾಕ್ಷಿಗಳ ಆ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ.

ಇನ್ನು ತ್ರಿಯೇಕವನ್ನು ವಿವರಿಸಲು ಕೊಡುವ ನೀರು, ಮಂಜುಗಡ್ಡೆ, ಆವಿ ಹೋಲಿಕೆ. ಭಾನುವಾರದ ಶಾಲೆಯಲ್ಲಿ ನಮಗೂ ಅದನ್ನೇ ಹೇಳಿಕೊಟ್ಟಿದ್ದರು! ಅದು ಸರಿಹೋಗುವುದಿಲ್ಲ. ಒಂದೇ ನೀರು ರೂಪ ಬದಲಿಸುತ್ತದೆ, ಅಷ್ಟೇ. ಆದರೆ ಮೂವರೂ ಒಟ್ಟಿಗೇ ಇದ್ದಾರೆ: ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನವಾಗಿ (ಮತ್ತಾಯ 3:16-17) ಮಗ ನೀರಿನಿಂದ ಮೇಲೆ ಬಂದಾಗಲೇ ಆತ್ಮ ಇಳಿಯುತ್ತದೆ, ತಂದೆಯ ದನಿಯೂ ಕೇಳುತ್ತದೆ, ಅಲ್ವಾ?