ಹಡಗಿನ ಹೊಗೆ, ದುರ್ಗದ ಗಾಳಿ

ಕಳೆದ ಸಂಚಿಕೆಯ ‘ಹೊಗೆಯಿಲ್ಲದ ಹಡಗು’ ಲೇಖನ ಓದಿ ಚಿತ್ರದುರ್ಗದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

“ಹೈಡ್ರೋಜನ್ ಫ್ಯೂಯೆಲ್ ಸೆಲ್ ಇರುವ ಪ್ರವಾಸಿ ಹಡಗಿನಿಂದ ನೀರು ಬಿಟ್ಟರೆ ಬೇರೇನೂ ಹೊರಬರುವುದಿಲ್ಲ ಎಂದು ಬರೆದಿದ್ದೀರಿ. ಹೈಸ್ಕೂಲ್ ಮಕ್ಕಳಿಗೆ ವರ್ಷಾನುಗಟ್ಟಲೆ ನೀರಿನ ವಿದ್ಯುದ್ವಿಭಜನೆ ತೋರಿಸಿದವನು ನಾನು. ಎರಡು ಪೆನ್ಸಿಲ್ ಕಡ್ಡಿ, ಒಂದು ಬ್ಯಾಟರಿ, ಚಿಟಿಕೆ ಅಡುಗೆ ಸೋಡಾ. ಕರೆಂಟು ಸುರಿದು ಹೈಡ್ರೋಜನ್ ಮಾಡಿ, ಅದರಿಂದ ಮತ್ತೆ ಕರೆಂಟು ತೆಗೆಯುವುದು ಯಾವ ಜಾಣತನ? ಬ್ಯಾಟರಿಯನ್ನೇ ಹಡಗಿಗೆ ಹಾಕಬಾರದೇ? ಇಲ್ಲಿ ಕೆಲವರು ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಕರೆಂಟಿನಿಂದ ಹೈಡ್ರೋಜನ್ ಮಾಡಿ ಮಂಗಳೂರಿನ ಹಡಗುಗಳಿಗೆ ಮಾರಬಹುದು ಎನ್ನುತ್ತಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಜಿಲ್ಲೆಯಲ್ಲಿ ಅದಕ್ಕೆ ನೀರೆಲ್ಲಿಂದ ತರುತ್ತಾರೆ? ಕೊನೆಯದಾಗಿ, ನನ್ನ ಮೊಮ್ಮಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಹಡಗಿನ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾನೆ. ಕಳಿಸಬಹುದೇ?”

ಮೇಷ್ಟ್ರೇ, ಪೆನ್ಸಿಲ್ ಕಡ್ಡಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿದರೆ ಉಳಿದವು ಸಲೀಸು.

ಫ್ಯೂಯೆಲ್ ಸೆಲ್ಲಿನಲ್ಲಿ ನಡೆಯುವುದು ನಿಮ್ಮ ತರಗತಿಯ ಪ್ರಯೋಗವೇ, ತಿರುಗುಮುರುಗಾಗಿ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ. ನಡುವೆ ತೆಳ್ಳನೆಯ ಪಾಲಿಮರ್ ಪೊರೆ, ಅದರ ಎರಡೂ ಮೈಗೆ ಪ್ಲಾಟಿನಂ ಲೇಪ. ಆ ಪ್ಲಾಟಿನಂ ಹೈಡ್ರೋಜನ್ನನ್ನು ಪ್ರೋಟಾನು, ಎಲೆಕ್ಟ್ರಾನುಗಳಾಗಿ ಬಿಡಿಸುತ್ತದೆ. ಪೊರೆ ಪ್ರೋಟಾನನ್ನು ಮಾತ್ರ ದಾಟಿಸುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಆಚೆ ಬದಿಗೆ ಹೋಗಬೇಕು, ಆ ಸುತ್ತಾಟವೇ ನಮಗೆ ಸಿಗುವ ಕರೆಂಟು. ಆಚೆ ಇಬ್ಬರೂ ಆಮ್ಲಜನಕದೊಡನೆ ಕೂಡಿ ನೀರಾಗುತ್ತಾರೆ. ಕೆಲಸ ಮಾಡುವಾಗ ಒಂದು ಸೆಲ್ಲಿನಿಂದ ಸಿಗುವುದು ಮುಕ್ಕಾಲು ವೋಲ್ಟಿನ ಆಸುಪಾಸು, ಹಾಗಾಗಿ ನೂರಾರು ಸೆಲ್ಲುಗಳನ್ನು ಒತ್ತಾಗಿ ಜೋಡಿಸುತ್ತಾರೆ. ಹೊಸ ಮಾಯವೇನೂ ಅಲ್ಲ. ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ 1839ರಲ್ಲೇ ಇದನ್ನು ತೋರಿಸಿದ್ದ. ಅಪೊಲೊ ನೌಕೆಗಳಿಗೆ ಕರೆಂಟು ಕೊಟ್ಟದ್ದು ಫ್ಯೂಯೆಲ್ ಸೆಲ್ಲೇ, ಚಂದ್ರನ ಕಡೆ ಹೋದವರು ಕುಡಿದದ್ದೂ ಅದರಿಂದ ಬಂದ ನೀರನ್ನೇ.

ಅಂದ ಮೇಲೆ ಲೇಖನದ ಮಾತು ನಿಜ: ಸೆಲ್ಲಿನಿಂದ ಹೊರಬರುವುದು ನೀರು ಮತ್ತು ಒಂದಿಷ್ಟು ಶಾಖ. ಆದರೆ ನೀವು ಕೇಳುತ್ತಿರುವುದು ಅದರ ಹಿಂದಿನ ಕಥೆ. ನಮ್ಮ ದಾವಣಗೆರೆಯಲ್ಲಿ ಮಿರ್ಚಿ-ಮಂಡಕ್ಕಿ ತಿನ್ನುವವನ ಮುಂದೆ ಹೊಗೆ ಇರುವುದಿಲ್ಲ, ಹೊಗೆ ಏನಿದ್ದರೂ ಭಟ್ಟಿಯ ಹತ್ತಿರ. ಹೈಡ್ರೋಜನ್ನಿನ ಭಟ್ಟಿ ಎಲ್ಲಿದೆ, ಅಲ್ಲಿ ಏನು ಉರಿಯುತ್ತಿದೆ ಎಂದು ಕೇಳದೆ ಹಡಗನ್ನು ಹೊಗಳುವುದು ಅರ್ಧ ಲೆಕ್ಕ.

ಆ ಭಟ್ಟಿಯ ಕಥೆ ಅಷ್ಟೇನೂ ಚೆನ್ನಾಗಿಲ್ಲ. ಇವತ್ತು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್ ಬಹುಪಾಲು ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲದಿಂದ ಒಂದು ಕೆಜಿ ಹೈಡ್ರೋಜನ್ ತೆಗೆದರೆ ಹತ್ತಿರ ಹತ್ತಿರ 10 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಒಂದು ಕೆಜಿಯಲ್ಲಿ ಇರುವುದು 33 ಯೂನಿಟ್ ಶಕ್ತಿ, ಸೆಲ್ಲು ಅದರಲ್ಲಿ ಅರ್ಧದಷ್ಟನ್ನು ಕರೆಂಟು ಮಾಡುತ್ತದೆ, ಅಂದರೆ 16 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 600 ಗ್ರಾಂ ಡೈಆಕ್ಸೈಡ್ ಬಿತ್ತು. ಈಗ ಹಡಗಿನ ಡೀಸೆಲ್ ಜನರೇಟರ್ ನೋಡಿ. ಯೂನಿಟ್ಟಿಗೆ ಸುಮಾರು 200 ಗ್ರಾಂ ಎಣ್ಣೆ, ಅದರಿಂದ 640 ಗ್ರಾಂ ಆಸುಪಾಸು. ಎರಡೂ ಒಂದೇ ಮಟ್ಟಕ್ಕೆ ಬಂದು ನಿಂತವು! ಅನಿಲದ ಹೈಡ್ರೋಜನ್ ತುಂಬಿದ ಹಡಗು ಭೂಮಿಯ ಕಾವಿಗೆ ಏನೂ ಉಪಕಾರ ಮಾಡುವುದಿಲ್ಲ. ಬಂದರಿನ ಸುತ್ತ ವಾಸಿಸುವವರಿಗೆ ಮಾತ್ರ ಮಸಿ, ಗಂಧಕ, ನೈಟ್ರೋಜನ್ ಆಕ್ಸೈಡುಗಳು ತಪ್ಪುತ್ತವೆ. ಅದನ್ನು ಸಣ್ಣದೆಂದು ನಾನು ಹೇಳುವುದಿಲ್ಲ. 2020ರ ಜನವರಿವರೆಗೆ ಹಡಗಿನ ಎಣ್ಣೆಯಲ್ಲಿ ಶೇ 3.5ರಷ್ಟು ಗಂಧಕ ಇರಬಹುದಾಗಿತ್ತು, ಈಗ ಮಿತಿ ಶೇ 0.5. ಅಷ್ಟಾದರೂ ನಮ್ಮ ಲಾರಿಗಳಿಗೆ ಹಾಕುವ ಡೀಸೆಲ್ಲಿಗಿಂತ ಅದು ಎಷ್ಟೋ ಪಟ್ಟು ಕೊಳಕು.

ಹಾಗಾದರೆ ಹಡಗು ಕಟ್ಟುವವರು ಇದರ ಬೆನ್ನು ಹತ್ತಿರುವುದು ಯಾಕೆ? ಇಂದಿನ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಈಗಾಗಲೇ ಕರೆಂಟಿನ ಹಡಗುಗಳೇ. ಡೀಸೆಲ್ ಎಂಜಿನ್ನು ನೇರವಾಗಿ ಪ್ರೊಪೆಲರ್ ತಿರುಗಿಸುವುದಿಲ್ಲ, ಜನರೇಟರ್ ತಿರುಗಿಸುತ್ತದೆ. ಆ ಕರೆಂಟಿನಿಂದ ಮೋಟಾರು ಪ್ರೊಪೆಲರ್ ತಿರುಗಿಸುತ್ತದೆ, ಏಸಿ, ಲಿಫ್ಟು, ಅಡುಗೆಮನೆ, ಲಾಂಡ್ರಿ ಎಲ್ಲವೂ ಅದರಿಂದಲೇ. ಹಡಗು ಬಂದರಿನಲ್ಲಿ ಕಟ್ಟಿಹಾಕಿಕೊಂಡು ನಿಂತಾಗಲೂ ಈ ಎರಡನೆಯ ಖರ್ಚು ನಿಲ್ಲುವುದಿಲ್ಲ. ಪ್ರಯಾಣಿಕರು ಊರು ನೋಡಲು ಇಳಿದಿರುತ್ತಾರೆ, ಚಿಮಣಿ ಮಾತ್ರ ಊರಿನ ಮೇಲೆ ಉಗುಳುತ್ತಾ ಇರುತ್ತದೆ. ಜನರೇಟರ್ ಜಾಗಕ್ಕೆ ಫ್ಯೂಯೆಲ್ ಸೆಲ್ ಕೂಡಿಸುವುದು ಇಲ್ಲಿ ಸುಲಭ. ಸದ್ಯಕ್ಕೆ ಅದರ ಯೋಗ್ಯತೆಗೆ ತಕ್ಕ ಕೆಲಸವೂ ಇದೇ.

ಅಳತೆ ಗೊತ್ತಾಗಲಿ ಎಂದು ಎರಡು ಹಡಗು ಹೇಳುತ್ತೇನೆ. ಪ್ರವಾಸಿ ಹಡಗು ನಡೆಸುವ ವೈಕಿಂಗ್ ಕಂಪನಿಗಾಗಿ ಇಟಲಿಯ ಅಂಕೋನಾದಲ್ಲಿ ಫಿಂಕಾಂತಿಯೇರಿ ಎಂಬ ಹಡಗು ಕಟ್ಟುವ ಕಂಪನಿ ಕಟ್ಟುತ್ತಿರುವ ‘ವೈಕಿಂಗ್ ಲಿಬ್ರಾ’ 998 ಪ್ರಯಾಣಿಕರ ಹಡಗು, 2026ರ ಕೊನೆಗೆ ಕೊಡಬೇಕೆಂದು ಯೋಜನೆ. ಅದರ ಫ್ಯೂಯೆಲ್ ಸೆಲ್ಲುಗಳು 6 ಮೆಗಾವಾಟ್ ವರೆಗೆ ಕೊಡುತ್ತವೆ. ಅದೇ ಕಂಪನಿ 2022ರಲ್ಲಿ ‘ವೈಕಿಂಗ್ ನೆಪ್ಚೂನ್’ ಹಡಗಿನಲ್ಲಿ ಪರೀಕ್ಷೆಗೆಂದು ಇಟ್ಟದ್ದು ಬರೀ 100 ಕಿಲೋವಾಟಿನದು. ಆ ಲೆಕ್ಕದಲ್ಲಿ ನೆಗೆತ ದೊಡ್ಡದೇ. ಇನ್ನೊಂದು ಕಡೆ 2024ರಲ್ಲಿ ಯಾನ ಶುರು ಮಾಡಿದ ದೈತ್ಯ ‘ಐಕಾನ್ ಆಫ್ ದಿ ಸೀಸ್’. ಅದರ ಆರು ಎಂಜಿನ್ನುಗಳ ಒಟ್ಟು ಸಾಮರ್ಥ್ಯ 67.5 ಮೆಗಾವಾಟ್. ಆರು ಮೆಗಾವಾಟ್ ಹಾಕಿಕೊಂಡು ಸಾವಿರ ಜನರ ಹಡಗು ಮೆಲ್ಲಗೆ ಸಾಗಬಹುದು, ಬಂದರಿನಲ್ಲಿ ಸದ್ದಿಲ್ಲದೆ ನಿಲ್ಲಬಹುದು. ನಾರ್ವೆಯ ವಿಶ್ವ ಪರಂಪರೆಯ ಫ್ಯೋರ್ಡುಗಳಲ್ಲಿ (ಸಮುದ್ರ ಒಳನುಗ್ಗಿದ ಕಡಿದಾದ ಕಣಿವೆಗಳಲ್ಲಿ) 2032ರಿಂದ ದೊಡ್ಡ ಪ್ರವಾಸಿ ಹಡಗುಗಳೂ ಹೊಗೆ ಬಿಡುವಂತಿಲ್ಲ ಎಂಬ ನಿಯಮ ಬರುವುದರಿಂದ ಈ ಶಕ್ತಿಗೆ ಬೆಲೆಯಿದೆ. ಸಾಗರ ದಾಟುವುದೆಲ್ಲ ಬೇರೆ ಮಾತು.

ಬೇರೆ ಮಾತು ಯಾಕೆಂದರೆ ಜಾಗ. ಹೈಡ್ರೋಜನ್ ತೂಕದಲ್ಲಿ ಹಗುರ, ಗಾತ್ರದಲ್ಲಿ ವಿಪರೀತ. ಮೈನಸ್ 253 ಡಿಗ್ರಿಗೆ ಇಳಿಸಿ ದ್ರವ ಮಾಡಿದರೂ ಅದೇ ಶಕ್ತಿಗೆ ಡೀಸೆಲ್ಲಿಗಿಂತ ನಾಲ್ಕು ಪಟ್ಟು ಜಾಗ ಬೇಕು, ಮೇಲೆ ಜೋಡಿಗೋಡೆಯ ಟ್ಯಾಂಕು ಬೇರೆ. ಮಾರುವ ಕೋಣೆಗಳ ಜಾಗವನ್ನು ಟ್ಯಾಂಕಿಗೆ ಬಿಟ್ಟುಕೊಡಲು ಯಾವ ಕಂಪನಿಗೆ ಮನಸ್ಸು ಬಂದೀತು? ತುಂಬಿಸುವುದೂ ತಾಪತ್ರಯ. ನಾರ್ವೆಯ ‘ಹೈಡ್ರಾ’ ದೋಣಿ 2023ರಿಂದ ದ್ರವ ಹೈಡ್ರೋಜನ್ನಿನಲ್ಲಿ ಓಡುತ್ತಿದೆ. 80 ಘನ ಮೀಟರಿನ ಟ್ಯಾಂಕು ಅದರ ಮಾಳಿಗೆಯ ಮೇಲಿದೆ. ಸೋರಿದರೆ ಮೇಲಕ್ಕೆ ಹೋಗಲಿ ಎಂದು. ಅದಕ್ಕೆ ಹೈಡ್ರೋಜನ್ ಹೊತ್ತ ಲಾರಿ ಬಂದದ್ದು ಜರ್ಮನಿಯ ಲೋಯ್ನಾದಿಂದ! ಬಂದರುಗಳಲ್ಲಿ ತುಂಬಿಸುವ ವ್ಯವಸ್ಥೆ ಇಲ್ಲವೆಂದೇ ಲಿಬ್ರಾದವರು ಹೈಡ್ರೋಜನ್ನನ್ನು ಕಂಟೇನರುಗಳಲ್ಲಿ ಹಡಗಿಗೆ ಏರಿಸುವ ಏರ್ಪಾಡು ಮಾಡಿಕೊಂಡಿದ್ದಾರೆ.

ಬ್ಯಾಟರಿ? ಹತ್ತಿರದ ದಾರಿಗೆ ಅದೇ ಸರಿ. ನಾರ್ವೆಯ ‘ಆಂಪೇರ್’ ದೋಣಿ 2015ರಿಂದ ಬ್ಯಾಟರಿಯಲ್ಲೇ ಜನರನ್ನೂ ಕಾರುಗಳನ್ನೂ ದಾಟಿಸುತ್ತಿದೆ. ಆದರೆ 6 ಮೆಗಾವಾಟನ್ನು ಒಂದು ಇಡೀ ದಿನ ಕೊಡಬೇಕೆಂದರೆ 144 ಮೆಗಾವಾಟ್-ಅವರ್, ಅಂದರೆ 1,44,000 ಯೂನಿಟ್ ಬೇಕು. ಹಡಗಿಗೆ ಹಾಕುವ ಬ್ಯಾಟರಿಗಳ ತೂಕದಲ್ಲಿ ಸಾವಿರ ಟನ್ನಿಗೂ ಹೆಚ್ಚು.

ಈಗ ನಮ್ಮೂರಿನ ವಿಷಯಕ್ಕೆ. ಜೋಗಿಮಟ್ಟಿ ಕಡೆ 2 ಮೆಗಾವಾಟಿನ ಒಂದು ಗಾಳಿಯಂತ್ರ ಇದೆ ಎಂದಿಟ್ಟುಕೊಳ್ಳಿ. ಗಾಳಿ ಇದ್ದಾಗ ಇಲ್ಲದಾಗ ಸೇರಿಸಿ ವರ್ಷದ ಸರಾಸರಿ ಶೇ 28 ಹಿಡಿದರೆ ದಿನಕ್ಕೆ 13,400 ಯೂನಿಟ್. ಒಂದು ಕೆಜಿ ಹೈಡ್ರೋಜನ್ ಮಾಡಲು 55 ಯೂನಿಟ್ ಬೇಕು, ಸಿಕ್ಕಿತು 240 ಕೆಜಿ. ಹಡಗಿನ ಸೆಲ್ಲಿನಲ್ಲಿ ಅದು ಮತ್ತೆ 4,000 ಯೂನಿಟ್ ಆಗುತ್ತದೆ. ಬಂದರಿನಲ್ಲಿ ನಿಂತ ಹಡಗು 4 ಮೆಗಾವಾಟ್, ಅಂದರೆ ಗಂಟೆಗೆ 4,000 ಯೂನಿಟ್ ಎಳೆಯುತ್ತದೆ ಎಂದುಕೊಂಡರೆ, ಒಂದು ಗಂಟೆ! ದ್ರವ ಮಾಡುವ ಖರ್ಚು, ಗ್ಯಾಸಿನ ಲಾರಿಯನ್ನು ಶಿರಾಡಿ ಘಾಟಿ ಇಳಿಸುವ ಖರ್ಚು ಇದರಲ್ಲಿ ಸೇರಿಲ್ಲ. ಉಕ್ಕಿನ ಸಿಲಿಂಡರ್ ಹೊತ್ತ ದೊಡ್ಡ ಟ್ರೇಲರಿನಲ್ಲಿ ಹಿಡಿಯುವುದೇ ಕೆಲವು ನೂರು ಕೆಜಿ ಗ್ಯಾಸು, ಉಳಿದದ್ದೆಲ್ಲ ಉಕ್ಕಿನ ಭಾರ.

ಅದೇ ಕರೆಂಟನ್ನು ತಂತಿಯಲ್ಲಿ ಮಂಗಳೂರಿಗೆ ಕಳಿಸಿ, ಸೋರಿಕೆ ಕಳೆದು 12,000 ಯೂನಿಟ್ ತಲುಪಿತೆನ್ನಿ. ಅದೇ ಹಡಗಿಗೆ ಮೂರು ಗಂಟೆ. ಕಟ್ಟೆಗೆ ಬಂದ ಹಡಗಿಗೆ ನೆಲದಿಂದ ಕೇಬಲ್ ಕೊಟ್ಟು ಅದರ ಜನರೇಟರ್ ಆರಿಸುವ ಪದ್ಧತಿ ಹೊಸದಲ್ಲ. ಅಲಾಸ್ಕಾದ ಜುನೊ ಬಂದರಿನಲ್ಲಿ ಪ್ರವಾಸಿ ಹಡಗುಗಳಿಗೆ 2001ರಲ್ಲೇ ಶುರುವಾಯಿತು. ಐರೋಪ್ಯ ಒಕ್ಕೂಟದ ಮುಖ್ಯ ಬಂದರುಗಳಲ್ಲಿ 2030ರಿಂದ ಪ್ರಯಾಣಿಕ ಹಡಗುಗಳಿಗೆ ಕಡ್ಡಾಯ. ತೊಡಕು ಇಲ್ಲವೆಂದಲ್ಲ. ಹಡಗುಗಳ ಕರೆಂಟು ಹೆಚ್ಚಾಗಿ 60 ಹರ್ಟ್ಸಿನದು (ಸೆಕೆಂಡಿಗೆ 60 ಆವರ್ತನ), ನಮ್ಮ ಗ್ರಿಡ್ 50 ಹರ್ಟ್ಸ್, ನಡುವೆ ದುಬಾರಿ ಪರಿವರ್ತಕ ಬೇಕು. ಆದರೂ ನನ್ನ ಅಭಿಪ್ರಾಯ ಕೇಳಿದರೆ, ದುರ್ಗದ ಗಾಳಿ ಹಡಗಿಗೆ ಹೋಗುವುದಾದರೆ ತಂತಿಯಲ್ಲೇ ಹೋಗಲಿ.

ಇನ್ನೊಂದು ಸಂಗತಿ ಈ ಮಾತಾಡುವವರ ಗಮನಕ್ಕೆ ಬಂದಂತಿಲ್ಲ. ನಮ್ಮ ಗಾಳಿಯ ಸುಗ್ಗಿ ಆಷಾಢ, ಶ್ರಾವಣ. ಪಶ್ಚಿಮ ಕರಾವಳಿಗೆ ಪ್ರವಾಸಿ ಹಡಗು ಬರುವುದು ಮಳೆಗಾಲ ಮುಗಿದ ಮೇಲೆ. ತಿಂಗಳುಗಟ್ಟಲೆ ಹೈಡ್ರೋಜನ್ ಕೂಡಿಡುವುದು ಹಣದ ಹೊಳೆ. ಗಾಳಿಯ ಕರೆಂಟು ಗ್ರಿಡ್ಡಿಗೆ ಹೋದರೆ ಆಷಾಢದಲ್ಲಿ ಲಿಂಗನಮಕ್ಕಿಯ ನೀರು ಅಷ್ಟು ಉಳಿಯುತ್ತದೆ, ಬೇಸಿಗೆಗೆ ಅದೇ ನೀರು ಕರೆಂಟಾಗುತ್ತದೆ. ಕೂಡಿಡಲು ನಮ್ಮ ಹತ್ತಿರ ಆಗಲೇ ಕಟ್ಟಿದ ಅಣೆಕಟ್ಟಿದೆಯಲ್ಲ!

ನೀರಿನ ವಿಷಯದಲ್ಲಿ ಮಾತ್ರ ನಿಮ್ಮ ಆತಂಕ ಕಡಿಮೆ ಮಾಡಿಕೊಳ್ಳಿ. ಒಂದು ಕೆಜಿ ಹೈಡ್ರೋಜನ್ನಿಗೆ ಲೆಕ್ಕದ ಪ್ರಕಾರ 9 ಲೀಟರ್ ನೀರು, 240 ಕೆಜಿಗೆ 2,160 ಲೀಟರ್. ಶುದ್ಧೀಕರಣದಲ್ಲಿ ಹೋಗುವುದು, ತಂಪು ಮಾಡಲು ಬೇಕಾದದ್ದು ಸೇರಿಸಿದರೂ ಒಂದು ಯಂತ್ರಕ್ಕೆ ದಿನಕ್ಕೆ ಒಂದು ಟ್ಯಾಂಕರ್ ಆಸುಪಾಸು. ನೂರು ಯಂತ್ರಕ್ಕೆ ನೂರು ಟ್ಯಾಂಕರ್ ಎಂದಾಗ ಹಿರಿಯೂರು, ಚಳ್ಳಕೆರೆಯವರು ಕೇಳಲೇಬೇಕು, ನಿಜ. ಆದರೆ ಈ ಯೋಜನೆಗೆ ಮೊದಲ ಅಡ್ಡಿ ನೀರಲ್ಲ, ಮೂರರಲ್ಲಿ ಎರಡು ಪಾಲು ಕರೆಂಟು ದಾರಿಯಲ್ಲೇ ಕರಗುವುದು.

ಹಸಿರು ಹೈಡ್ರೋಜನ್, ಅಂದರೆ ಗಾಳಿ, ಬಿಸಿಲಿನಂಥ ಕರೆಂಟಿನಿಂದ ಮಾಡಿದ್ದು, ಬೇಡವೇ ಬೇಡ ಎನ್ನುತ್ತಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ 19,744 ಕೋಟಿ ರೂಪಾಯಿಯ ಮಿಷನ್ ಪ್ರಕಟಿಸಿ, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟುಕೊಂಡಿದೆ. ಅದು ಮೊದಲು ಹೋಗಬೇಕಾದ ಜಾಗ ಬೇರೆ. ಭದ್ರಾ ಅಚ್ಚುಕಟ್ಟಿನ ನಮ್ಮ ಭತ್ತದ ಗದ್ದೆಗೆ ಬೀಳುವ 45 ಕೆಜಿಯ ಒಂದು ಚೀಲ ಯೂರಿಯಾದ ಹಿಂದೆ ನಾಲ್ಕೂವರೆ ಕೆಜಿಯಷ್ಟು ಹೈಡ್ರೋಜನ್ ಖರ್ಚಾಗಿರುತ್ತದೆ, ಅದೂ ಅನಿಲದಿಂದ ಬಂದದ್ದು. ಅಲ್ಲಿ ತಂತಿಯ ಕರೆಂಟಿನಿಂದ ಕೆಲಸ ನಡೆಯದು, ಹೈಡ್ರೋಜನ್ನೇ ಬೇಕು. (ಯೂರಿಯಾಕ್ಕೆ ಇಂಗಾಲವೂ ಬೇಕಲ್ಲ ಎಂದು ನೀವು ಕೇಳುತ್ತೀರಿ. ಹೌದು, ಅದು ಇನ್ನೊಂದು ತಲೆನೋವು.) ದೋಣಿಗಳ ಪ್ರಯೋಗವೂ ನಡೆಯಲಿ. ಕೊಚ್ಚಿನ್ ಶಿಪ್‌ಯಾರ್ಡ್ ವಾರಾಣಸಿಗೆಂದು ಕಟ್ಟಿದ 50 ಜನರ ಹೈಡ್ರೋಜನ್ ದೋಣಿಗೆ 2024ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿತು. ಅದರ ಕೆಲಸ ಕಲಿತ ಕೈಗಳು ಮುಂದೆ ಬೇಕಾಗುತ್ತವೆ.

ಕಲಿತ ಕೈ ಎಂದಾಗ ನಿಮ್ಮ ಮೊಮ್ಮಗ. ಕಳಿಸಿ ಮೇಷ್ಟ್ರೇ. ಹಡಗಿನ ಎಣ್ಣೆ ಯಾವುದಾದರೂ ಆಗಲಿ, ಮೋಟಾರು, ಹೈ ವೋಲ್ಟೇಜ್ ಪ್ಯಾನೆಲ್, ಪರಿವರ್ತಕ, ಬ್ಯಾಟರಿ ನೋಡಿಕೊಳ್ಳುವವನ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲೆಕ್ಟ್ರಿಕಲ್ ಓದಿದವರಿಗೆ ಇಟಿಒ, ಅಂದರೆ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಎಂಬ ಹುದ್ದೆಯೇ ಇದೆ. ಅದಕ್ಕೆ ಡಿಜಿ ಶಿಪ್ಪಿಂಗ್ (ಹಡಗು ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಮಹಾನಿರ್ದೇಶನಾಲಯ) ಮಾನ್ಯತೆಯ ಕೋರ್ಸ್ ಮಾಡಬೇಕು. ಫೀಸು ಕಟ್ಟುವ ಮೊದಲು ಡಿಜಿ ಶಿಪ್ಪಿಂಗ್ ಒಪ್ಪಿದ ವೈದ್ಯರ ಹತ್ತಿರ ಕಣ್ಣು ಪರೀಕ್ಷೆ ಮಾಡಿಸಿ, ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳುವ ಏಜೆಂಟ್ ಬಂದರೆ ಮನೆಯಿಂದ ಹೊರಗೆ ಕಳಿಸಿ. ಪರವಾನಗಿ ಇರುವ ನೇಮಕಾತಿ ಸಂಸ್ಥೆ ಹುಡುಗರಿಂದ ಹಣ ತೆಗೆದುಕೊಳ್ಳುವಂತಿಲ್ಲ.

— ಸಂಪಾದಕ, ದಾವಣಗೆರೆ