ತರಬೇತಿ ಮುಗಿದಿದೆ, ಕೆಲಸದಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಏಳು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಮಾತ್ರೆ ತಪ್ಪಿಸುವುದಿಲ್ಲ. ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಪುಸ್ತಕ ಬೈಂಡಿಂಗ್ ಕಲಿತ. ಎರಡು ಕಡೆ ಕೆಲಸಕ್ಕೆ ಸೇರಿ, ಮೂರು ವಾರ ತುಂಬುವುದರೊಳಗೆ ಬಿಟ್ಟುಬಂದ. ಮತ್ತೆ ತರಬೇತಿಗೆ ಕಳಿಸಲೇ?

ಉತ್ತರ: ಬೇಡ. ಕೈಕೆಲಸ ಅವರಿಗೆ ಬಂದಿದೆ. ಕೇಂದ್ರದ ಶಾಂತ ಕೋಣೆಯಲ್ಲಿ ಕಲಿತದ್ದನ್ನು ಹೊಸ ಜಾಗದ ಗದ್ದಲದಲ್ಲಿ, ಅವಸರದಲ್ಲಿ ಮಾಡಿ ತೋರಿಸುವುದು ಈ ಕಾಯಿಲೆಯಲ್ಲಿ ಕಷ್ಟ. ಅದಕ್ಕೇ ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸುತ್ತ ಬೆಂಬಲ ಕೊಡುವ ಪದ್ಧತಿ ಬಂತು. ಯುರೋಪಿನ ಆರು ಕೇಂದ್ರಗಳಲ್ಲಿ 312 ಜನರನ್ನು 18 ತಿಂಗಳು ಗಮನಿಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪದ್ಧತಿಯಲ್ಲಿದ್ದವರ ಪೈಕಿ ನೂರಕ್ಕೆ 55 ಮಂದಿ ಒಂದು ದಿನವಾದರೂ ಸಂಬಳದ ಕೆಲಸ ಮಾಡಿದರು; ಮೊದಲು ತರಬೇತಿ ಪಡೆದವರಲ್ಲಿ 28 ಮಂದಿ.

ಮಾತ್ರೆಯ ಹೊತ್ತನ್ನು ಮೊದಲು ನೋಡಿ. ರಾತ್ರಿ ತಡವಾಗಿ ನುಂಗಿದರೆ ಬೆಳಿಗ್ಗೆ ಮಂಪರು ಇಳಿದಿರುವುದಿಲ್ಲ, ಎಂಟಕ್ಕೆ ಹಾಜರಿ ಎಂದರೆ ಸೋಮಾರಿ ಅನ್ನಿಸಿಕೊಳ್ಳುತ್ತಾರೆ. ಸ್ವಲ್ಪ ಮುಂಚೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಪ್ರಮಾಣವನ್ನು ಮಾತ್ರ ನೀವೇ ಇಳಿಸಬೇಡಿ. ಆಗದಿದ್ದರೆ ಹನ್ನೊಂದರ ನಂತರ ಶುರುವಾಗುವ ಕೆಲಸ ಹುಡುಕಿ. ರಾತ್ರಿ ಪಾಳಿ ಬೇಡವೇ ಬೇಡ, ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸಬಹುದು.

ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆಯಿಂದ ಆರಂಭಿಸಿ. ತಿಂಗಳ ನಂತರ ಗಂಟೆಯನ್ನೋ ದಿನವನ್ನೋ ಹೆಚ್ಚಿಸಿ, ಎರಡನ್ನೂ ಒಟ್ಟಿಗೆ ಅಲ್ಲ.

‘ಅದು ಮುಗಿಸಿ ಇದನ್ನು ಹೊಲಿ, ಬರುವಾಗ ಅಂಟು ತಾ’ ಎಂದರೆ ಮೂರರಲ್ಲಿ ಒಂದು ನೆನಪಿನಲ್ಲಿ ಉಳಿದರೆ ಹೆಚ್ಚು. ಮೇಜಿನ ಮುಂದೆ ಒಂದು ಚೀಟಿ ಅಂಟಿಸಿ: ಫಾರಂ (ಮಡಚಿದ ಹಾಳೆಗಳ ಕಟ್ಟು) ಎಣಿಸು, ಅಂಚು ತಟ್ಟಿ ಸಮ ಮಾಡು, ಹೊಲಿ, ಬೆನ್ನಿಗೆ ಅಂಟು ಹಚ್ಚು. ಹೇಳುವವರು ಒಬ್ಬರೇ ಇರಲಿ.

ಎಷ್ಟೋ ಜನ ಕೆಲಸ ಬಿಡುವುದು ಕೆಲಸದಿಂದಲ್ಲ, ವಿರಾಮದ ಹೊತ್ತಿನಿಂದ. ‘ಇಷ್ಟು ವರ್ಷ ಎಲ್ಲಿದ್ದೆ?’ ಎಂಬ ಪ್ರಶ್ನೆಗೆ ಎರಡು ಸಾಲಿನ ಉತ್ತರವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಕಾಯಿಲೆಯ ಹೆಸರು ಹೇಳುವುದೋ ಬಿಡುವುದೋ ತಮ್ಮನೇ ತೀರ್ಮಾನಿಸಲಿ. ಹೆಸರು ಹೇಳದೆ, ಬರೆದುಕೊಟ್ಟ ಸೂಚನೆ, ತಿಂಗಳಿಗೊಂದು ರಜೆ ಬೇಕೆಂದು ಮಾಲೀಕರಿಗೆ ಹೇಳಿದರೂ ಸಾಕಾಗಬಹುದು.

ಎರಡು ರಾತ್ರಿ ನಿದ್ದೆ ಬಾರದೆ, ಸ್ನಾನ ಬಿಟ್ಟರೆ ಅದೇ ವಾರ ವೈದ್ಯರ ಬಳಿ ಹೋಗಿ. ರಾಜೀನಾಮೆ ಬೇಡ, ರಜೆ ಕೇಳಿ. ಹೀಗಾಗಬಹುದೆಂದು ಮಾಲೀಕರ ಜೊತೆ ಸೇರುವ ದಿನವೇ ಮಾತಾಡಿಟ್ಟಿರಿ.

ಅಂದಹಾಗೆ, ಬೈಂಡಿಂಗ್ ಅವರಿಗೆ ಇಷ್ಟವೇ? ಯಾರೂ ಕೇಳಿರದಿದ್ದರೆ ಮುಂದಿನ ಕೆಲಸ ಹುಡುಕುವ ಮುಂಚೆ ಕೇಳಿ.