ರಾತ್ರಿ ಅಪ್ಪ ಬಂದು ಆಡಿಸಿದರೆ ಮಗುವಿನ ನಿದ್ದೆ ಕೆಡುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ತುಮಕೂರಿನಲ್ಲಿ ರೈಲಿಗೆ ಓಡಾಡುವ ಅಪ್ಪಂದಿರ ಮನೆಗಳಲ್ಲೆಲ್ಲ ಇದೇ ಜಗಳ. ಮಗುವಿಗೆ ಏಳು ತಿಂಗಳು. ಯಜಮಾನರು ಬೆಂಗಳೂರಿಂದ ಮನೆ ಸೇರುವಾಗ ಎಂಟೂವರೆ. ಬಂದವರೇ ಮಗುವನ್ನು ಎತ್ತಿ ಕುಣಿಸುತ್ತಾರೆ, ಅದು ಕೇಕೆ ಹಾಕಿ ನಗುತ್ತದೆ, ಆಮೇಲೆ ಹನ್ನೊಂದಾದರೂ ಕಣ್ಣು ಮುಚ್ಚಲ್ಲ. ಅತ್ತೆ ‘ಮಲಗೋ ಹೊತ್ತಲ್ಲಿ ಮಗೂನ ಆಡಿಸಬಾರದು’ ಅನ್ನುತ್ತಾರೆ. ಯಜಮಾನರು ‘ದಿನಕ್ಕೆ ಸಿಗೋದೇ ಒಂದು ಗಂಟೆ, ಅದನ್ನೂ ಬಿಡಬೇಕಾ’ ಅನ್ನುತ್ತಾರೆ. ಆಟ ನಿಲ್ಲಿಸಬೇಕಾ ಅಂತ ನಿಮ್ಮ ಪ್ರಶ್ನೆ.

ನಿಲ್ಲಿಸಬೇಡಿ. ಕುಣಿಸುವ ಆಟವನ್ನು ಬೆಳಿಗ್ಗೆಗೆ ಹಾಕಿ, ರಾತ್ರಿ ಮಲಗಿಸುವ ಕೆಲಸವನ್ನೇ ಅಪ್ಪನಿಗೆ ಕೊಡಿ. ನಮ್ಮ ಮನೆಯಲ್ಲಿ ನಡೆದದ್ದು ಹೀಗೆ. ನಾನು ಡಾಕ್ಟರ್ ಅಲ್ಲ. ನಾನೂ ಯಶವಂತಪುರದಿಂದ ಸಂಜೆ ರೈಲು ಹಿಡಿದು ಬರುವವನು. ಮಗಳು ಹುಟ್ಟಿದ ಮೇಲೆ ದಾರಿಯಲ್ಲಿ ಇಸ್ಪೀಟು ಬಿಟ್ಟು ಮಕ್ಕಳ ನಿದ್ದೆ ಬಗ್ಗೆ ಓದುವ ಹುಚ್ಚು ಹತ್ತಿತು. ಅವಳೀಗ ಶಾಲೆಗೆ ಹೋಗುತ್ತಾಳೆ.

ಮೊದಲು, ಕುಣಿಸಿದ ಮೇಲೆ ಯಾಕೆ ಮಲಗಲ್ಲ ಅನ್ನೋದು. ಮೇಲೆ ಕೆಳಗೆ ಎತ್ತಾಡಿಸಿದಾಗ, ಕಚಗುಳಿ ಇಟ್ಟಾಗ ಮಗುವಿನ ಎದೆಬಡಿತ ಜೋರಾಗುತ್ತದೆ, ಮೈಯೆಲ್ಲ ಎಚ್ಚರವಾಗುತ್ತದೆ. ನಾವಾದರೆ ನಗು ಮುಗಿಸಿ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತೇವೆ. ಏಳು ತಿಂಗಳ ಮಗುವಿಗೆ ತನ್ನನ್ನು ತಾನು ಸುಮ್ಮನಾಗಿಸಿಕೊಳ್ಳುವುದು ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಅದಕ್ಕೆ ದೊಡ್ಡವರ ಎದೆ, ದನಿ, ಕೈ ಬೇಕು. ರೈಲು ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಬ್ರೇಕ್ ಹಾಕುತ್ತದೆಯೇ? ತುಮಕೂರಿಗೆ ಮುಂಚಿನ ಸ್ಟೇಷನ್ ಕ್ಯಾತ್ಸಂದ್ರ ದಾಟುವಾಗಲೇ ವೇಗ ಇಳಿಸುತ್ತಾ ಬರುತ್ತದೆ, ಅಲ್ವಾ? ಮಗುವಿಗೂ ಆ ದೂರ ಬೇಕು. ಒಂಬತ್ತರವರೆಗೆ ಕುಣಿಸಿ, ಒಂಬತ್ತೂ ಐದಕ್ಕೆ ಲೈಟ್ ಆರಿಸಿ ‘ಮಲಗು’ ಅಂದರೆ ಅದು ರಚ್ಚೆ ಹಿಡಿಯದೆ ಇನ್ನೇನು ಮಾಡೀತು?

ಇನ್ನೊಂದು ವಿಷಯ. ನಿದ್ದೆಯ ಹೊತ್ತು ಮೀರಿದ ಮಗು ಸುಸ್ತಾದಂತೆ ಕಾಣುವುದಿಲ್ಲ. ಉಲ್ಟಾ, ಜಾಸ್ತಿ ಚುರುಕಾಗುತ್ತದೆ. ಸಿಕ್ಕಿದ್ದನ್ನೆಲ್ಲ ಎಳೆಯುತ್ತದೆ, ಸುಮ್ಮಸುಮ್ಮನೆ ಕಿರುಚಿ ನಗುತ್ತದೆ. ‘ಇದಕ್ಕಿನ್ನೂ ನಿದ್ದೆ ಬಂದಿಲ್ಲ, ಆಡಲಿ ಬಿಡು’ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಅಷ್ಟೊತ್ತಿಗೆ ಗಾಡಿ ಮುಂದಿನ ಸ್ಟೇಷನ್ನಿಗೆ ಹೋಗಿರುತ್ತದೆ.

ಹಾಗಾಗಿ ಗಡಿಯಾರಕ್ಕಿಂತ ಮುಖ ನೋಡಿ. ನನ್ನ ಮಗಳದ್ದು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಆಡುತ್ತಾ ಆಡುತ್ತಾ ನನ್ನ ಮುಖ ಬಿಟ್ಟು ಗೋಡೆಯ ಕಡೆ ತಿರುಗುತ್ತಿದ್ದಳು. ಎಡಗಿವಿಯ ಹಿಂದೆ ಕೈ ಹೋಗುತ್ತಿತ್ತು. ಹುಬ್ಬಿನ ಮೇಲೆ ಸಣ್ಣಗೆ ಕೆಂಪೇರುತ್ತಿತ್ತು. ಒಂದೊಂದು ಸಲ ಬಿಕ್ಕಳಿಕೆ. ಮಗು ಮುಖ ತಿರುಗಿಸಿತೆಂದರೆ ‘ಸಾಕು, ಸ್ವಲ್ಪ ಬಿಡು’ ಅಂತ ಅರ್ಥ. ಅಪ್ಪಂದಿರು ಅಲ್ಲೇ ಎಡವುತ್ತಾರೆ. ಮಗು ಅತ್ತ ತಿರುಗಿದರೆ ಅದರ ಬೇಸರ ಕಳೆಯೋಣ ಅಂತ ಅತ್ತಲೇ ಹೋಗಿ ಇನ್ನೂ ಜೋರಾಗಿ ‘ಬೂಚೀ’ ಅನ್ನುತ್ತಾರೆ. ಹಾಗೆ ಮಾಡಬೇಡಿ. ಆಟ ನಿಲ್ಲಿಸಿ, ದನಿ ತಗ್ಗಿಸಿ, ಸುಮ್ಮನೆ ಕೂತುಕೊಳ್ಳಿ. ಬೇಕಿದ್ದರೆ ಅದೇ ಮತ್ತೆ ತಿರುಗುತ್ತದೆ. ಆಕಳಿಸಿ ಕಣ್ಣುಜ್ಜಿದರೆ ಆಟ ಮುಗಿಯಿತು.

ಹೀಗೆ ಮಗುವನ್ನು ನೋಡಿ ನಡೆದುಕೊಳ್ಳುವುದಕ್ಕೂ ನಿದ್ದೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡಗ್ಲಾಸ್ ಟೆಟಿ ಮತ್ತು ಜೊತೆಗಾರರು ನೋಡಿದ್ದಾರೆ. ಮನೆಗಳಲ್ಲಿ ಮಲಗಿಸುವ ಹೊತ್ತಿನ ವಿಡಿಯೋ ತೆಗೆದು ಮಾಡಿದ ಅಧ್ಯಯನ, 2010ರಲ್ಲಿ ಪ್ರಕಟವಾಯಿತು. ಮಲಗಿಸುವಾಗ ಅಮ್ಮ ಮಗುವಿನ ಸೂಚನೆಗಳಿಗೆ ಸ್ಪಂದಿಸುತ್ತಾ, ಸಿಡುಕದೆ ಇದ್ದ ಮನೆಗಳಲ್ಲಿ ಮಗುವಿನ ನಿದ್ದೆಗೆ ಅಡ್ಡಿ ಕಡಿಮೆ ಇತ್ತು. ಇದರಿಂದಲೇ ಅದಾಯಿತು ಅಂತ ಹೇಳಲಾಗದು. ಚೆನ್ನಾಗಿ ಮಲಗುವ ಮಗುವಿನ ಅಮ್ಮನಿಗೆ ತಾಳ್ಮೆಯೂ ಜಾಸ್ತಿ ಉಳಿದಿರುತ್ತದಲ್ಲ! ಆದರೂ ನನಗೆ ಇದು ಸರಿ ಅನ್ನಿಸುತ್ತದೆ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಲ್ಲಿ ತೊಟ್ಟಿಲು ತೂಗಿದರೆ ಮಗುವಿಗೆ ಗೊತ್ತಾಗುತ್ತದೆ.

ಇನ್ನು ಹಗಲಿನ ಆಟ. ಇದರ ಬಗ್ಗೆ ಅತ್ತೆ ಏನೂ ಹೇಳಿಲ್ಲ ಅಂತ ಬರೆದಿದ್ದೀರಿ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ನಿದ್ದೆಯ ಒತ್ತಡ, ಅಂದರೆ ಮಲಗಬೇಕು ಅನ್ನುವ ಮೈಯ ಬೇಡಿಕೆ, ಕೂಡುತ್ತಾ ಹೋಗುತ್ತದೆ. ದಿನವಿಡೀ ಸೊಂಟದ ಮೇಲೆ, ತೊಟ್ಟಿಲಲ್ಲಿ, ಇಲ್ಲ ಟಿವಿ ಮುಂದೆ ಕೂತ ಮಗುವಿಗೆ ಸಂಜೆ ಅಪ್ಪ ಬಂದಾಗಲೇ ಮೈ ಆಡಿಸಲು ಅವಕಾಶ ಸಿಕ್ಕರೆ ಅದು ಬಿಡುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ವರ್ಷ ತುಂಬದ ಮಕ್ಕಳನ್ನು ದಿನಕ್ಕೆ ಹಲವು ಸಲ ನೆಲದ ಮೇಲೆ ಆಡಿಸಬೇಕು ಅಂತಿದೆ. ಇನ್ನೂ ಅಂಬೆಗಾಲಿಡದ ಮಗುವನ್ನು ಎಚ್ಚರವಿದ್ದಾಗ ದಿನದಲ್ಲಿ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಬೇಕು. ಒಂದೇ ಕಡೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು. ಸ್ಕ್ರೀನ್ ಬೇಡವೇ ಬೇಡ. 4ರಿಂದ 11 ತಿಂಗಳ ಮಗುವಿಗೆ ಹಗಲು ನಿದ್ದೆಯೂ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು ಅಂತಲೂ ಅದೇ ಸಲಹೆ ಹೇಳುತ್ತದೆ. ನಾಲ್ಕು ಗಂಟೆ ಆಚೀಚೆ ಇದೆ ನೋಡಿ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

ಅಪ್ಪನಿಗೆ ಬೆಳಿಗ್ಗೆ ಹೇಗೂ ಬೇಗ ಎಚ್ಚರ ಆಗಿರುತ್ತದೆ. ರೈಲಿಗೆ ಹೊರಡುವ ಮುಂಚೆ ಅರ್ಧ ಗಂಟೆ ಚಾಪೆ ಹಾಸಿ ಆಡಿಸಲಿ. ಎತ್ತಿ ಕುಣಿಸುವುದು, ಹೊಟ್ಟೆಗೆ ಬಾಯಿಟ್ಟು ‘ಬುರ್ರ್’ ಅನ್ನಿಸುವುದು, ಎಲ್ಲ ಆಗಲೇ. ನಾನು ಮಗಳನ್ನು ಅಮಾನಿಕೆರೆ ಕಡೆ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದೆ. ಬೆಳಗಿನ ಬೆಳಕು ಮಗುವಿನ ಮೈಯೊಳಗಿನ ಗಡಿಯಾರಕ್ಕೆ ಒಳ್ಳೆಯದು. ಈ ಗಡಿಯಾರ ಹುಟ್ಟಿದಾಗ ಇನ್ನೂ ಸರಿಯಾಗಿ ನಡೆಯುವುದಿಲ್ಲ, ಎರಡು ಮೂರು ತಿಂಗಳಿಗೆ ಕೂಡಿಕೊಳ್ಳಲು ಶುರುವಾಗುತ್ತದೆ. ಹಗಲು ಬೆಳಕು, ಮಾತು, ಆಟ. ರಾತ್ರಿ ಕತ್ತಲು, ಮೆಲುದನಿ. ಈ ವ್ಯತ್ಯಾಸ ಗೊತ್ತಾದಷ್ಟೂ ಗಡಿಯಾರ ಸರಿ ನಡೆಯುತ್ತದೆ. (ಗಾಳಿಗೆ ಎಸೆದು ಹಿಡಿಯುವ ಆಟ ಮಾತ್ರ ಬೆಳಿಗ್ಗೆಯೂ ಬೇಡ. ಕತ್ತು ಇನ್ನೂ ಎಳಸು, ಮೇಲೆ ಫ್ಯಾನ್ ಬೇರೆ.)

ಈಗ ರಾತ್ರಿಗೆ ಬರೋಣ. ಎಂಟೂವರೆಗೆ ಬಾಗಿಲು ಸದ್ದಾದಾಗ ಮಗು ಎದ್ದಿದ್ದರೆ ಅಪ್ಪನನ್ನು ಕಂಡು ಕೈ ಚಾಚುವುದು ಸಹಜ. ಎತ್ತಿಕೊಳ್ಳಲಿ, ಮುದ್ದು ಮಾಡಲಿ, ಒಂದೆರಡು ಸಲ ನಗಿಸಲಿ. ಆಮೇಲೆ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ. ಟಿವಿ ಬಂದ್. ಸೀರಿಯಲ್ ನೋಡುವವರಿಗೆ ಕಷ್ಟ, ಗೊತ್ತು. ನಮ್ಮಲ್ಲಿ ಅಮ್ಮನಿಗೆ ಇಯರ್‌ಫೋನ್ ಕೊಡಿಸಿದೆವು.

ಅಲ್ಲಿಂದ ಮುಂದೆ ದಿನಾ ಒಂದೇ ಸಾಲು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಅಂಗಾಲಿಗೆ ಸ್ವಲ್ಪ ಎಣ್ಣೆ ಸವರಿ ಮೆಲ್ಲಗೆ ತಿಕ್ಕುವುದು, ಬಟ್ಟೆ ಬದಲಿಸುವುದು, ಅಮ್ಮನ ಹಾಲು, ಆಮೇಲೆ ಅಪ್ಪನ ಹೆಗಲು ಮತ್ತು ಜೋಗುಳ. ಅಮೆರಿಕದ ಸಂಶೋಧಕಿ ಜೋಡಿ ಮಿಂಡೆಲ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 405 ಅಮ್ಮಂದಿರು ಇದ್ದರು. ಅದರಲ್ಲಿ ಕೆಲವರಿಗೆ ಎರಡು ವಾರ ಹೀಗೇ ಮಾಡಲು ಹೇಳಿದರು: ಸ್ನಾನ, ಮಾಲೀಸು, ಮುದ್ದು, ಜೋಗುಳದಂಥ ಗದ್ದಲವಿಲ್ಲದ ಕೆಲಸ, ಅರ್ಧ ಗಂಟೆಯೊಳಗೆ ದೀಪ ಆರಿಸುವುದು. ಮಕ್ಕಳು ಬೇಗ ನಿದ್ದೆಗೆ ಜಾರಿದವು, ನಡುರಾತ್ರಿ ಏಳುವುದು ಕಡಿಮೆಯಾಯಿತು, ಅಮ್ಮಂದಿರ ಮನಸ್ಸೂ ಹಗುರಾಯಿತು. ನಮ್ಮ ಅಜ್ಜಿಯರು ಎಣ್ಣೆ ನೀರು ಹಾಕಿ ತೊಟ್ಟಿಲು ತೂಗುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ. ನಿಮ್ಮ ಅತ್ತೆಗೆ ಇದನ್ನು ಹೇಳಿ, ಖುಷಿಯಾಗುತ್ತಾರೆ.

ಯಜಮಾನರಿಗೆ ‘ನನಗೆ ಹಾಡಲು ಬರಲ್ಲ’ ಅನ್ನುವ ಸಂಕೋಚ ಇರಬಹುದು. ನನಗೂ ಬರಲ್ಲ. ನಾನು ರೈಲು ನಿಲ್ಲುವ ಊರುಗಳನ್ನೇ ರಾಗ ಎಳೆದು ಹೇಳುತ್ತಿದ್ದೆ. ಚಿಕ್ಕಬಾಣಾವರ, ಸೋಲದೇವನಹಳ್ಳಿ, ದೊಡ್ಡಬೆಲೆ, ನಿಡವಂದ, ಹಿರೇಹಳ್ಳಿ. ಎದೆಗೆ ಕಿವಿಯಿಟ್ಟು ಮಲಗಿದ ಮಗುವಿಗೆ ಪದಕ್ಕಿಂತ ಎದೆಯೊಳಗಿನ ಗುಂಯ್‌ಗುಡುವಿಕೆ ಸಾಕು. ಅಂಗಿಯ ಗುಂಡಿ ಹಿಡಿದ ಅವಳ ಬೆರಳು ಮೊದಲು ಗಟ್ಟಿಯಾಗಿರುತ್ತಿತ್ತು, ನಿಡವಂದದ ಹೊತ್ತಿಗೆ ಸಡಿಲವಾಗುತ್ತಿತ್ತು. ಕಣ್ಣು ಇನ್ನೂ ಅರೆತೆರೆದಿರುವಾಗಲೇ ಹಾಸಿಗೆಗೆ ಹಾಕಿ ನೋಡಿ. ಒಂದೊಂದು ನಿದ್ದೆಯ ಸುತ್ತು ಮುಗಿದಾಗಲೂ ಮಕ್ಕಳು ಸ್ವಲ್ಪ ಎಚ್ಚರವಾಗುತ್ತವೆ, ಈ ವಯಸ್ಸಿನಲ್ಲಿ ಒಂದು ಸುತ್ತು ಅಂದರೆ ಸುಮಾರು ಒಂದು ಗಂಟೆ. ಹೆಗಲ ಮೇಲೆ ಮಲಗಿದ ಮಗು ಆಗ ಹೆಗಲನ್ನೇ ಹುಡುಕುತ್ತದೆ. ಅರೆನಿದ್ದೆಯಲ್ಲಿ ಹಾಕಿದರೆ ಎದ್ದು ಅತ್ತರೆ? ಎತ್ತಿಕೊಳ್ಳಿ. ಇದು ಪರೀಕ್ಷೆ ಅಲ್ಲ.

ಮಲಗಿಸುವಾಗ ಬೆನ್ನ ಮೇಲೆ, ಗಟ್ಟಿ ಹಾಸಿಗೆ. ತಲೆ ಗುಂಡಗಾಗಲಿ ಅಂತ ಇಡುವ ರಾಗಿ ದಿಂಬು, ಮೆತ್ತನೆ ಗೊಂಬೆ ಎಲ್ಲ ತೆಗೆದಿಡಿ.

ಒಂದು ಎಚ್ಚರಿಕೆ. ಇಷ್ಟೆಲ್ಲ ಮಾಡಿದರೂ ಏಳೆಂಟು ತಿಂಗಳ ವಯಸ್ಸಿನಲ್ಲಿ ನಿದ್ದೆ ಮತ್ತೆ ಹದಗೆಡಬಹುದು. ಅಂಬೆಗಾಲಿಡಲು ಕಲಿಯುವ ಸಮಯ, ಅಮ್ಮ ಕಣ್ಮರೆಯಾದರೆ ಅಳುವ ಸಮಯ. ಆಟದ ತಪ್ಪು ಅಂತ ಯಜಮಾನರ ಮೇಲೆ ಹಾಕಬೇಡಿ. ಆದರೆ ಮಗು ಗೊರಕೆ ಹೊಡೆಯುತ್ತಿದ್ದರೆ, ಉಸಿರು ತಡೆದಂತೆ ಆಗುತ್ತಿದ್ದರೆ, ತೂಕ ಏರುತ್ತಿಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ರೈಲು ತಡವಾದ ದಿನ ಮಗು ಆಗಲೇ ಮಲಗಿರುತ್ತದೆ. ಎಷ್ಟೇ ಆಸೆಯಾದರೂ ಎಬ್ಬಿಸಬೇಡಿ ಅಂತ ಯಜಮಾನರಿಗೆ ಹೇಳಿ. ಬೆಳಿಗ್ಗೆ ಚಾಪೆ ಹಾಸಿದರಾಯಿತು.